ಕಣಜಕ್ಕೆ ಬಂದ ನೆಂಟರು

ಅಕ್ಕಿ ಡಬ್ಬದಲ್ಲಿ ಹುಳ ಕಂಡ ದಿನ ನಮ್ಮ ಮನೆಯಲ್ಲಿ ದಿನಸಿ ಅಂಗಡಿಯವನಿಗೆ ಸಹಸ್ರನಾಮಾರ್ಚನೆ ನಡೆಯುತ್ತದೆ. ಪಾಪ, ಅವನದೇನು ತಪ್ಪು? ಬೈಯಲೇಬೇಕೆಂದಿದ್ದರೆ ಮೃತ ಸಮುದ್ರದ ಹತ್ತಿರ, ಈಗಿನ ಜೋರ್ಡಾನಿನ ಧ್ರಾ ಎಂಬಲ್ಲಿ ಸುಮಾರು 11,300 ವರ್ಷಗಳ ಹಿಂದೆ ಬಾಳಿದವರನ್ನು ಬೈಯಬೇಕು. ಅವರು ಮಣ್ಣಿನ ದುಂಡು ಗೋಡೆ ಎಬ್ಬಿಸಿ, ಒಳಗೆ ಕಲ್ಲು ನಿಲ್ಲಿಸಿ, ಅದರ ಮೇಲೆ ತೊಲೆ ಹಾಸಿ, ನೆಲಕ್ಕೆ ತಾಗದಂತೆ ಕಾಳು ತುಂಬಿಡುತ್ತಿದ್ದರು. ಕೆಳಗೆ ಗಾಳಿಯಾಡಲಿ, ಇಲಿ ನುಗ್ಗದಿರಲಿ ಎಂಬ ಮುಂದಾಲೋಚನೆ. ಅವರು ಇನ್ನೂ ಪೂರ್ತಿ ರೈತರೂ ಆಗಿರಲಿಲ್ಲ. ಕೂಡಿಟ್ಟದ್ದು ಕಾಡು ಬಾರ್ಲಿ. ಅಂದರೆ ಕಣಜ ಮೊದಲು, ಪಳಗಿದ ಬೆಳೆ ಆಮೇಲೆ. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಜಾತಿ!

ಇಲಿಯಂತೂ ಅದಕ್ಕೂ ಮೊದಲೇ ಹಾಜರಿ ಹಾಕಿತ್ತು. ಸುಮಾರು 15,000 ವರ್ಷಗಳ ಹಿಂದೆ, ಬೇಟೆಯಾಡಿ ಬದುಕುತ್ತಿದ್ದ ಅದೇ ಸೀಮೆಯ ಜನ ಒಂದೇ ಕಡೆ ಹೆಚ್ಚು ದಿನ ತಂಗತೊಡಗಿದ ಕೂಡಲೇ ಅವರ ಗುಡಿಸಲಿಗೆ ಮನೆ ಇಲಿ ಬಂದು ಸೇರಿಕೊಂಡಿತು. ಅದಕ್ಕೆ ಹೊಲಗದ್ದೆಯ ಹಂಗಿಲ್ಲ. ಮನುಷ್ಯ ಕೂತರೆ ಸಾಕು, ಚೆಲ್ಲಿದ್ದು ಸಿಕ್ಕೇ ಸಿಗುತ್ತದೆ. ಇಲಿಯ ಬೆನ್ನಿಗೆ ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಅಸ್ಥಿಪಂಜರದಿಂದ ಒಂದು ಮೊಳದೊಳಗೇ ಎಂಟು ತಿಂಗಳ ಬೆಕ್ಕೊಂದನ್ನು ಮಣ್ಣು ಮಾಡಿದ್ದಾರೆ. ಆ ದ್ವೀಪದಲ್ಲಿ ಹುಟ್ಟಾ ಬೆಕ್ಕುಗಳಿರಲಿಲ್ಲ. ಆದ್ದರಿಂದ ಯಾರೋ ಪುಣ್ಯಾತ್ಮರು ದೋಣಿಯಲ್ಲಿ ಕೂರಿಸಿಕೊಂಡು ಸಮುದ್ರ ದಾಟಿಸಿರಬೇಕು. ಬೆಕ್ಕಿನ ಇವತ್ತಿನ ದರ್ಪ ನೋಡಿದರೆ ಆ ಪಯಣದ ನೆನಪು ಅದಕ್ಕಿನ್ನೂ ಹೋದಂತಿಲ್ಲ.

ಇನ್ನು ಹುಳದ ವಿಚಾರ. ನಮ್ಮ ಅಕ್ಕಿ ಹುಳ ಬೇಕೆಂದಾಗ ಹಾರಬಲ್ಲದು. ಅದರ ದಾಯಾದಿ, ಗೋಧಿ-ಬಾರ್ಲಿ ಕಣಜದ ಮೂತಿ ಹುಳಕ್ಕೆ ಹಾರಲು ಬರುವುದೇ ಇಲ್ಲ. ಸುತ್ತ ಮೂರು ಹೊತ್ತೂ ಊಟವಿರುವಾಗ ಹಾರಿ ಹೋಗಬೇಕಾದ್ದಾದರೂ ಎಲ್ಲಿಗೆ? ಅದನ್ನು ನೋಡಿ ನಗುವ ಮುಂಚೆ ಗೋಧಿಯನ್ನು ನೋಡಬೇಕು. ಕಾಡುಗೋಧಿಯ ತೆನೆ ಬಲಿತರೆ ತಾನೇ ಬಿರಿದು ಕಾಳು ಉದುರಿಸಿ ತನ್ನ ಸಂತಾನವನ್ನು ತಾನೇ ನೋಡಿಕೊಳ್ಳುತ್ತದೆ. ಎಲ್ಲೋ ಒಂದೊಂದು ತೆನೆ ಮಾತ್ರ ಉದುರದೆ ಹಟ ಹಿಡಿದು ನಿಲ್ಲುತ್ತಿತ್ತು. ಕಾಡಿನಲ್ಲಿ ಅಂಥದಕ್ಕೆ ವಂಶವಿಲ್ಲ. ಆದರೆ ಕುಡುಗೋಲು ಹಿಡಿದವನ ಕೈಗೆ ಸಿಗುವುದು ಅದೇ, ಮುಂದಿನ ವರ್ಷ ಬಿತ್ತನೆಗೆ ಹೋಗುವುದೂ ಅದೇ. ಸಾವಿರಾರು ವರ್ಷ ಹೀಗೆ ನಡೆದು, ಇವತ್ತು ಗೋಧಿಗೆ ಒಕ್ಕುವವರಿಲ್ಲದೆ ಬಿಡುಗಡೆಯಿಲ್ಲ, ಬಿತ್ತುವವರಿಲ್ಲದೆ ಬಾಳಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ ಬೇಕಿತ್ತು ಎಂದು 1966ರಲ್ಲಿ ಜ್ಯಾಕ್ ಹಾರ್ಲನ್ ಎಂಬ ಅಮೆರಿಕದ ಸಸ್ಯವಿಜ್ಞಾನಿಗೂ ಅನಿಸಿರಬೇಕು. ಟರ್ಕಿಯ ಕರಜಾದಾಗ್ ಬೆಟ್ಟದ ಇಳಿಜಾರಿಗೆ ಹೋಗಿ, ಚಕಮಕಿ ಕಲ್ಲಿನ ಅಲಗಿದ್ದ ಕುಡುಗೋಲಿನಿಂದ ಕಾಡುಗೋಧಿ ಕೊಯ್ದು ನೋಡಿದರು. ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಹಸನಾದ ಕಾಳು ಸಿಕ್ಕಿತು. ಒಂದು ಸಂಸಾರ ಮೂರು ವಾರ ದುಡಿದರೆ ವರ್ಷಕ್ಕಾಗಿ ಮಿಗುವಷ್ಟು ಎಂದು ಅವರ ಲೆಕ್ಕ. ಉಳಿದ ನಲವತ್ತೊಂಬತ್ತು ವಾರ ಹರಟೆ ಹೊಡೆಯಬಹುದಿತ್ತು. ಅದನ್ನು ಬಿಟ್ಟು ನಾವು ಉಳುಮೆ, ಕಳೆ, ಕೊಯ್ಲು, ಒಕ್ಕಣೆ ಎಂದು ಸೊಂಟ ಮುರಿದುಕೊಂಡೆವು.

ಸೊಂಟ ಮುರಿದುಕೊಂಡೆವು ಎಂಬುದು ಬರೀ ಮಾತಲ್ಲ. ಸಿರಿಯಾದಲ್ಲಿ ಯೂಫ್ರೆಟಿಸ್ ದಂಡೆಯ ಅಬು ಹುರೈರಾ ಎಂಬ ಹಳೆಯ ಊರು ಈಗ ಅಣೆಕಟ್ಟಿನ ನೀರಿನಡಿ ಇದೆ. ಮುಳುಗುವ ಮುನ್ನ ಅಲ್ಲಿ ಅಗೆದು ತೆಗೆದ ಎಲುಬುಗಳನ್ನು ಥೇಯಾ ಮಾಲೆಸನ್ ಎಂಬ ಲಂಡನ್ನಿನ ತಜ್ಞೆ ಪರೀಕ್ಷಿಸಿದರು. ಕಾಲಿನ ಹೆಬ್ಬೆರಳ ಕೀಲು ಸವೆದಿದೆ, ಬೆನ್ನಿನ ಕೆಳಗಿನ ಮಣಿಗಳು ಜಜ್ಜಿವೆ, ಮಂಡಿಯೂ ಕೆಟ್ಟಿದೆ. ಬೆರಳುಗಳನ್ನು ಹಿಂದಕ್ಕೆ ಮಡಚಿ, ಮಂಡಿಯೂರಿ, ಮುಂದಕ್ಕೆ ಬಾಗಿ ದಿನವಿಡೀ ಕಲ್ಲಿನ ಮೇಲೆ ಕಾಳು ಅರೆದವರ ಎಲುಬು ಅವು. ಹೆಚ್ಚಿನವು ಹೆಂಗಸರವು. ಬೇಸಾಯದ ಹೊಗಳಿಕೆ ಬರೆದವರು ಯಾರೂ ಆ ಕಲ್ಲಿನ ಮುಂದೆ ಕೂತಿರಲಾರರು.

ನಮ್ಮ ಸೀಮೆಯ ಹಳಬರು ಈ ವಿಷಯದಲ್ಲಿ ತುಸು ಜಾಣರು. ಬಳ್ಳಾರಿ ಹತ್ತಿರದ ಕುಡುತಿನಿ, ಸುರಪುರ ಕಡೆಯ ಬೂದಿಹಾಳಗಳಲ್ಲಿ ಬೂದಿಯ ದಿಬ್ಬಗಳಿವೆ. ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಜನ ಕತೆ ಕಟ್ಟಿದ್ದರು. ಅಗೆದು ನೋಡಿದರೆ ಅದು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿ. ತೆಲಂಗಾಣದ ಉಟ್ನೂರಿನ ದಿಬ್ಬದಲ್ಲಂತೂ ದನಗಳ ಗೊರಸಿನ ಗುರುತುಗಳೇ ಅಚ್ಚೊತ್ತಿದಂತೆ ಉಳಿದಿದ್ದವು. ಅವರೂ ಬೆಳೆ ಬೆಳೆದರು, ಹುರಳಿ, ಹೆಸರು, ಕೊರಲೆ. ರಾಗಿ ಆಗ ಎಲ್ಲಿತ್ತು? ಅದು ಆಮೇಲೆ ಆಫ್ರಿಕಾದಿಂದ ಬಂದದ್ದು. ಮುದ್ದೆ ನಮ್ಮದು, ಸಾರು ಪಕ್ಕವಾದ್ಯ ಎಂದು ಮೀಸೆ ತಿರುವುವವರು ತಿಳಿದಿರಲಿ, ತಟ್ಟೆಯಲ್ಲಿ ಮೂಲನಿವಾಸಿ ಹುರಳಿ ಸಾರೇ.

ಆದರೂ ದನಗಾಹಿಯ ಆಸ್ತಿಗೆ ಕಾಲಿದೆ. ತೆರಿಗೆಯ ಅಧಿಕಾರಿ ಬರುವ ಸುದ್ದಿ ಸಿಕ್ಕರೆ ರಾತ್ರೋರಾತ್ರಿ ಹೊಡೆದುಕೊಂಡು ಗುಡ್ಡ ಹತ್ತಬಹುದು. ಗೆಡ್ಡೆ-ಗೆಣಸು ಬೆಳೆದವನೂ ಬಚಾವು, ಮಾಲು ಮಣ್ಣಿನೊಳಗೇ ಇರುತ್ತದೆ. ಗೋಧಿ, ಬಾರ್ಲಿ ಮಾತ್ರ ಎಲ್ಲರ ಕಣ್ಣಿಗೆ ಬೀಳುವಂತೆ ನೆಟ್ಟಗೆ ನಿಂತು, ಒಟ್ಟೊಟ್ಟಿಗೇ ಬಲಿತು, ಅಳೆಯಲು ಬಾ ಎನ್ನುತ್ತವೆ. ಮೊದಮೊದಲ ರಾಜ್ಯಗಳೆಲ್ಲ ಕಾಳಿನ ಮೇಲೇ ನಿಂತದ್ದು ಯಾಕೆ ಎನ್ನುವುದಕ್ಕೆ ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸರು ಕೊಡುವ ಕಾರಣ ಇದೇ.

ಹಾಗೆ ಅಳೆಯಲು ಬಂದವರು ಟೈಗ್ರಿಸ್-ಯೂಫ್ರೆಟಿಸ್ ಬಯಲಿನ ಉರುಕ್ ನಗರದವರು. ಐದು ಸಾವಿರ ವರ್ಷಗಳಿಗೂ ಹಿಂದೆ ಹಸಿ ಜೇಡಿಯ ಹಲಗೆಯ ಮೇಲೆ ಅವರು ಗೀಚಿದ ಬರಹವೇ ಜಗತ್ತಿನ ಅತಿ ಹಳೆಯ ಬರಹಗಳಲ್ಲಿ ಸೇರಿದೆ. ಅದರಲ್ಲಿ ಪ್ರೇಮವಿಲ್ಲ, ವೇದಾಂತವಿಲ್ಲ. ಬಹುಪಾಲು ಬಂದದ್ದೆಷ್ಟು, ಕೊಟ್ಟದ್ದೆಷ್ಟು ಎಂಬ ಲೆಕ್ಕ. ಒಂದು ಹಲಗೆಯಲ್ಲಿ 37 ತಿಂಗಳಿಗೆ 29,086 ಅಳತೆ ಬಾರ್ಲಿ ಎಂದಿದೆ, ಜೊತೆಗೆ ಕುಶಿಮ್ ಎಂಬ ಹೆಸರು. ಬಾರ್ಲಿ ಹೋಗುತ್ತಿದ್ದದ್ದು ಬಿಯರ್ ಕಾಸಲು. ಕುಶಿಮ್ ಎಂಬುದು ಮನುಷ್ಯನ ಹೆಸರೋ ಹುದ್ದೆಯ ಹೆಸರೋ ಎಂದು ವಿದ್ವಾಂಸರಲ್ಲಿ ಚರ್ಚೆಯಿದೆ. ನಮ್ಮ ಕಚೇರಿಗಳಲ್ಲಿ ಮೂವತ್ತು ವರ್ಷ ಸವೆಸಿದವರಲ್ಲೂ ಈ ಎರಡನ್ನು ಬಿಡಿಸುವುದು ಕಷ್ಟವೇ. ಮನುಷ್ಯನ ಹೆಸರೇ ಆಗಿದ್ದರೆ, ನಮಗೆ ಹೆಸರು ತಿಳಿದ ಮೊಟ್ಟಮೊದಲಿಗರಲ್ಲಿ ಒಬ್ಬ ರಾಜನಲ್ಲ, ಕವಿಯಲ್ಲ, ಉಗ್ರಾಣದ ಲೆಕ್ಕಿಗ.

ಕಣಜಕ್ಕೆ ಬಂದ ನೆಂಟರಲ್ಲಿ ಇಲಿಗೆ ಬೆಕ್ಕು ಸಿಕ್ಕಿತು, ಹುಳಕ್ಕೆ ಬೇವಿನ ಸೊಪ್ಪು ಸಿಕ್ಕಿತು. ಕುಶಿಮನಿಗೆ ಮಾತ್ರ ಐದು ಸಾವಿರ ವರ್ಷ ಹುಡುಕಿದರೂ ಮದ್ದು ಸಿಕ್ಕಿಲ್ಲ.