ಪಾಯಿಂಟಿನ ಬಲಗಡೆ ಮಂಡ್ಯ

ಏಳನೇ ಕ್ಲಾಸಿನ ಗಣಿತದಲ್ಲಿ ದಶಮಾಂಶ ಸಂಖ್ಯೆಗಳ ಗುಣಾಕಾರ, ಭಾಗಾಕಾರ ಅಂತ ಒಂದು ಪಾಠ ಬರುತ್ತದೆ. ಅದರಲ್ಲಿ ಮಕ್ಕಳು ಸುಲಭಕ್ಕೆ ನಂಬದ ಎರಡು ಸಂಗತಿಗಳಿವೆ. ಒಂದಕ್ಕಿಂತ ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಚಿಕ್ಕದಾಗುತ್ತದೆ. ಅದೇ ಸಂಖ್ಯೆಯಿಂದ ಭಾಗಿಸಿದರೆ ದೊಡ್ಡದಾಗುತ್ತದೆ. ಬೇರೆ ಜಿಲ್ಲೆಯ ಮಕ್ಕಳು ಇದಕ್ಕೆ ಕಣ್ಣರಳಿಸಬಹುದು. ಮಂಡ್ಯದ ಮಕ್ಕಳಿಗೆ ಹೊಸದೇನಲ್ಲ. ಬೆಳೆದದ್ದನ್ನೆಲ್ಲ 0.9ರಿಂದಲೋ 0.8ರಿಂದಲೋ ಗುಣಿಸಿಕೊಂಡು ಮನೆಗೆ ಬರುವ ಅಪ್ಪಂದಿರನ್ನು ಅವರು ಹುಟ್ಟಿದಾಗಿನಿಂದ ನೋಡುತ್ತಿದ್ದಾರೆ. ಭಾಗಿಸಿ ದೊಡ್ಡವರಾದವರನ್ನೂ ನೋಡಿದ್ದಾರೆ. ಅವರ ಫ್ಲೆಕ್ಸುಗಳು ಸರ್ಕಲ್ಲಿನಲ್ಲೇ ಇವೆ.

ಪ್ರಾಕ್ಟಿಕಲ್ ಕ್ಲಾಸು ಬೇಕಿದ್ದರೆ ಬೆಳಗಿನ ಜಾವ ಮದ್ದೂರು ತಾಲ್ಲೂಕಿನ ಯಾವುದಾದರೂ ಹಳ್ಳಿಯ ಡೇರಿ ಮುಂದೆ ನಿಲ್ಲಬೇಕು. ಕೈಯಲ್ಲಿ ಸ್ಟೀಲ್ ಕ್ಯಾನು, ತಲೆಗೆ ಸುತ್ತಿದ ಟವೆಲ್ಲು, ಕಣ್ಣೆಲ್ಲ ಮಿಷನ್ನಿನ ಮೇಲಿನ ಕೆಂಪು ಅಂಕಿಯ ಮೇಲೆ.

"ಮೂರು ಪಾಯಿಂಟ್ ಮೂರು."

"ಅಯ್, ನೆನ್ನೆ ಮೂರೂವರೆ ಬಂದಿತ್ತಲ್ಲಪ್ಪಾ?"

"ನೆನ್ನೆ ಹಸ ಬೇರೆ ಏನೋ ತಿಂದಿರ್ಬೇಕು ಕಣಕ್ಕ."

"ಹಸ ಅದೇಯ, ಹುಲ್ಲೂ ಅದೇಯ. ಮಿಸನ್ನು ನೆನ್ನೆದೇಯ ಅಂತ ನೋಡಪ್ಪಾ ಒಂಚೂರು."

ಒಳ್ಳೆಯ ರೇಟು ಬೇಕಾದರೆ ಫ್ಯಾಟು 3.5, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, 8.5 ಇರಬೇಕು. ಅದೇ ಹಾಲು ಟ್ಯಾಂಕರ್ ಹತ್ತಿ, ಶಾಖ ತಗುಲಿ, ನೀಲಿ ಪ್ಯಾಕೆಟ್ಟಿನೊಳಗೆ ಕೂತು ಬೆಂಗಳೂರು ಸೇರುವಾಗ ಫ್ಯಾಟು 3.0. ಟೋನ್ಡ್ ಹಾಲು ಎಂದರೆ ಅಷ್ಟೇ, ಮೋಸವಿಲ್ಲ, ಪ್ಯಾಕೆಟ್ಟಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಡುವಿನ 0.5 ಎಂದರೆ ನೂರು ಕೆಜಿ ಹಾಲಿಗೆ ಅರ್ಧ ಕೆಜಿ ಕೊಬ್ಬು. ಅದು ತುಪ್ಪದ ಡಬ್ಬಿ ಸೇರಿ ಘಮಘಮಿಸುತ್ತದೆ. ಹಸುವಿನ ಒಡತಿಗೆ 0.2 ಕಡಿಮೆ ಬಂದರೆ ಅದು ಹಸುವಿನ ತಪ್ಪು. ಕಾರ್ಖಾನೆ 0.5 ತೆಗೆದರೆ ಅದು ತಂತ್ರಜ್ಞಾನ.

ಆದರೆ ದಶಮಾಂಶದ ನಿಜವಾದ ಗುರುಕುಲ ಕಬ್ಬು. ಕೇಂದ್ರ ಸರ್ಕಾರ ಪ್ರತಿವರ್ಷ ಎಫ್‌ಆರ್‌ಪಿ ಎಂಬ ಬೆಲೆ ಕಟ್ಟುತ್ತದೆ. ನ್ಯಾಯಸಮ್ಮತ ಮತ್ತು ಲಾಭದಾಯಕ ಎಂದು ಅದರ ಪೂರ್ಣ ಹೆಸರು. ಯಾರಿಗೆ ಎಂದು ಹೆಸರಿನಲ್ಲಿ ಹೇಳಿಲ್ಲ. ಈ ಬೆಲೆಯ ಬಾಲಕ್ಕೆ ರಿಕವರಿ ಎಂಬ ಅಂಕಿಯನ್ನು ಕಟ್ಟಿರುತ್ತಾರೆ, ಅಂದರೆ ನೂರು ಕೆಜಿ ಕಬ್ಬಿಗೆ ಎಷ್ಟು ಕೆಜಿ ಸಕ್ಕರೆ ಬಂತು ಎಂಬ ಲೆಕ್ಕ. ಟಿವಿಯವರು ತಲೆಯನ್ನು ತೋರಿಸುತ್ತಾರೆ. ರೈತನಿಗೆ ಸಿಗುವುದು ಬಾಲ.

2017-18ರಲ್ಲಿ ಕ್ವಿಂಟಲಿಗೆ 255 ರೂಪಾಯಿ ಇತ್ತು, ರಿಕವರಿ 9.5ಕ್ಕೆ. ಮರುವರ್ಷ 275 ಎಂದರು. ಇಪ್ಪತ್ತು ರೂಪಾಯಿ ಏರಿಕೆ, ರೈತರಿಗೆ ಬಂಪರ್! ಅದೇ ಆದೇಶದಲ್ಲಿ 9.5 ಸದ್ದಿಲ್ಲದೆ ಎದ್ದು ಹೋಗಿ, ಆ ಜಾಗದಲ್ಲಿ 10 ಬಂದು ಕೂತಿತ್ತು. ರಿಕವರಿ 0.1 ಇಳಿದರೆ ಬೆಲೆಯಲ್ಲಿ 2.75 ಕಡಿತ. ಈಗ ಏಳನೇ ಕ್ಲಾಸಿನ ಹುಡುಗನನ್ನು ಕರೆಯಿರಿ. 10ರಿಂದ 9.5ಕ್ಕೆ ವ್ಯತ್ಯಾಸ 0.5. ಅದನ್ನು 0.1ರಿಂದ ಭಾಗಿಸಿದರೆ 5. ಐದನ್ನು 2.75ರಿಂದ ಗುಣಿಸಿದರೆ 13.75. ಅದನ್ನು 275ರಲ್ಲಿ ಕಳೆದರೆ 261.25. ಹಳೆಯ 9.5ರಲ್ಲೇ ಉಳಿದವನಿಗೆ ಏರಿದ್ದು 6 ರೂಪಾಯಿ 25 ಪೈಸೆ. 1957ರ ಏಪ್ರಿಲ್ 1ರಂದು ನಯಾಪೈಸೆ ಚಲಾವಣೆಗೆ ಬಂದಾಗ ಒಂದಾಣೆಗೆ ಕಟ್ಟಿದ ಲೆಕ್ಕವೂ 6.25 ಪೈಸೆಯೇ. ಅಜ್ಜನಿಗೆ ಪೈಸೆಯಲ್ಲಿ ಸಿಕ್ಕಿದ್ದು ಮೊಮ್ಮಗನಿಗೆ ರೂಪಾಯಿಯಲ್ಲಿ ಸಿಕ್ಕಿತು. ಇದನ್ನು ಪ್ರಗತಿ ಅಲ್ಲ ಅನ್ನಲು ಯಾರಿಗೆ ಬಾಯಿದೆ?

2022-23ರಲ್ಲಿ ಮೂಲ ರಿಕವರಿ 10.25ಕ್ಕೆ ಏರಿತು. ಆ ವರ್ಷ 9.5 ಮತ್ತು ಅದಕ್ಕಿಂತ ಕಡಿಮೆ ಇರುವ ಕಾರ್ಖಾನೆಗಳ ರೈತರಿಗೆ ಗೊತ್ತುಪಡಿಸಿದ ಬೆಲೆ ಕ್ವಿಂಟಲಿಗೆ 282.125 ರೂಪಾಯಿ. ಕೊನೆಯ ಐದನ್ನು ಗಮನಿಸಬೇಕು. ಅದು ಅರ್ಧ ಪೈಸೆ. ನಾಲ್ಕಾಣೆ ಬಿಲ್ಲೆಯನ್ನೇ 2011ರ ಜೂನ್ 30ಕ್ಕೆ ಚಲಾವಣೆಯಿಂದ ಕಿತ್ತುಹಾಕಿದ ಸರ್ಕಾರ, ಕಬ್ಬಿನವನ ಲೆಕ್ಕಕ್ಕೆ ಬಂದಾಗ ಅರ್ಧ ಪೈಸೆಯನ್ನೂ ಬಿಡದೆ ಬರೆಯುತ್ತದೆ. ಇಷ್ಟು ನಿಖರತೆ ಬಾಕಿ ಬಟವಾಡೆಯ ತಾರೀಖಿನಲ್ಲೂ ಇದ್ದಿದ್ದರೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಶಾಮಿಯಾನದವರಿಗೆ ವ್ಯಾಪಾರವೇ ಇರುತ್ತಿರಲಿಲ್ಲ.

2025-26ಕ್ಕೆ ಬನ್ನಿ. ಟಿವಿಯ ಬೆಲೆ 355, ಅಂದರೆ ಟನ್ನಿಗೆ 3,550. ರಿಕವರಿ 9.5 ಅಥವಾ ಅದರ ಕೆಳಗಿದ್ದರೆ 329.05, ಅಂದರೆ ಟನ್ನಿಗೆ 3,290.50. ಎಕರೆಗೆ ನಲವತ್ತು ಟನ್ ಬೆಳೆದವನಿಗೆ ಟಿವಿಗೂ ಪಾಸ್‌ಬುಕ್ಕಿಗೂ ನಡುವೆ 10,380 ರೂಪಾಯಿ ಅಂತರ. ಕಟಾವಿನವರ ಕೂಲಿ, ಲಾರಿ ಬಾಡಿಗೆ ಎಲ್ಲ ಆಮೇಲಿನ ಮಾತು. ಬೆಳಗಾವಿ ಕಡೆಯ ಕಬ್ಬಿನಷ್ಟು ಸಕ್ಕರೆ ನಮ್ಮ ಕಡೆಯದು ಕೊಡುವುದಿಲ್ಲ ಎನ್ನುತ್ತಾರೆ, ಒಪ್ಪೋಣ. ಆದರೆ ಈ ರಿಕವರಿ ನಿಮ್ಮ ಗದ್ದೆಯ ಕಬ್ಬಿನದಲ್ಲ, ಇಡೀ ಕಾರ್ಖಾನೆಯ ಸರಾಸರಿ. ಗಾಣ ಹಳತಾಗಿ ಸಕ್ಕರೆ ಸಿಪ್ಪೆಯಲ್ಲೇ ಉಳಿದು ಹೋದರೂ ಇಳಿಯುವುದು ನಿಮ್ಮ ಬೆಲೆ. ಅಳೆಯುವವರು ಯಾರು? ಕೊಳ್ಳುವವರೇ. ಹುಡುಗಿ ನೋಡಲು ಬಂದವರೇ ಜಾತಕವನ್ನೂ ಬರೆದು ತಂದ ಹಾಗೆ.

ಇನ್ನು ಪಹಣಿ. ಪಹಣಿಯಲ್ಲಿ ವಿಸ್ತೀರ್ಣದ ಕಾಲಂ ನೋಡಿದರೆ ಆರ್ಯಭಟನಿಗೂ ತಲೆ ತಿರುಗಬೇಕು. ಅಲ್ಲಿ 1.20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಒಂದೂವರೆ ಎಕರೆ. ಹಾಗಾಗಿ ಜಗತ್ತಿನೆಲ್ಲೆಡೆ 1.20 ಎಂದರೆ 1.20, ನಮ್ಮಲ್ಲಿ ಮಾತ್ರ 1.5. ನೀವು ಓದಿದವರೆಂದು ಅರ್ಜಿಯಲ್ಲಿ 1.5 ಎಂದೇ ಬರೆದಿರೋ, ಅದು ಒಂದು ಎಕರೆ ಐದು ಗುಂಟೆಯಾಗಿ, ಹದಿನೈದು ಗುಂಟೆ ಕೌಂಟರಿನಲ್ಲೇ ಆವಿ. ಪಾಯಿಂಟಿನ ಹಾಗೆ ಕಾಣುವ ಆ ಚುಕ್ಕಿ ಅಲ್ಲಿ ಪಾಯಿಂಟೇ ಅಲ್ಲ, ಬರೀ ಬೇಲಿ ಗೂಟ.

ಅಪ್ಪ ಬಿಟ್ಟು ಹೋದ 3.10 ಎಕರೆಯನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಲು ಕೂತರು ಎನ್ನಿ. ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರುವ ತಮ್ಮ ಮೊಬೈಲ್ ತೆಗೆದು ಎರಡರಿಂದ ಭಾಗಿಸಿ, "ತಲಾ 1.55 ಕಣಣ್ಣ" ಅಂದ. ಹಳ್ಳಿಯಲ್ಲೇ ಉಳಿದ ಅಣ್ಣ ಬೀಡಿ ಆರಿಸಿ, "ಐವತ್ತೈದು ಗುಂಟೆ ಎಲ್ಲದೆ ಹೇಳ್ಲಾ? ನಲವತ್ತಕ್ಕೇ ಎಕರೆ ಮುಗೀತದೆ" ಅಂದ. ಸರಿಯಾದ ಲೆಕ್ಕ 130 ಗುಂಟೆಯಲ್ಲಿ ಅರ್ಧ, 65 ಗುಂಟೆ, ಅಂದರೆ 1.25. ಇಷ್ಟಕ್ಕೇ ಮುಗಿದರೆ ನಗಬಹುದಿತ್ತು. ಹೆದ್ದಾರಿಗೆ ಜಮೀನು ಹೋದ ಊರುಗಳಲ್ಲಿ ಈ ಚುಕ್ಕಿಯನ್ನು ಪರಿಹಾರದ ದರದಿಂದ ಗುಣಿಸಬೇಕಾಗುತ್ತದೆ. ಲೆಕ್ಕಕ್ಕೆಂದು ಎಕರೆಗೆ ನಲವತ್ತು ಲಕ್ಷ ಇಟ್ಟುಕೊಳ್ಳಿ. 1.20 ಎಕರೆಗೆ ಕ್ಯಾಲ್ಕುಲೇಟರ್ 48 ಲಕ್ಷ ತೋರಿಸುತ್ತದೆ, ಭೂಮಿ ಕೇಳುವುದು 60 ಲಕ್ಷ. ಹನ್ನೆರಡು ಲಕ್ಷದ ಆ ಚುಕ್ಕಿಯನ್ನು ತಿದ್ದಿಸಿಕೊಡುತ್ತೇವೆ ಎಂದು ತಾಲ್ಲೂಕು ಕಚೇರಿಯ ಬೇವಿನ ಮರದಡಿ ಕಾಯುವವರಿಗೆ ಮಾತ್ರ ಎರಡೂ ಪದ್ಧತಿ ಬಾಯಿಪಾಠ.

ನೀರಿನ ಲೆಕ್ಕದಲ್ಲಿ ಮಾತ್ರ ಮಂಡ್ಯದವರನ್ನು ಯಾರೂ ಯಾಮಾರಿಸಲಾರರು. ಕನ್ನಂಬಾಡಿ ಅಣೆಕಟ್ಟೆ ತುಂಬಿದರೆ 124.80 ಅಡಿ. ಮನೆಯ ಮಕ್ಕಳ ಹುಟ್ಟಿದ ದಿನ ಮರೆತರೂ ಆ .80ಯನ್ನು ಯಾರೂ ಮರೆತಿಲ್ಲ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ ಕಾವೇರಿ ನೀರನ್ನು 192 ಟಿಎಂಸಿಯಿಂದ 177.25ಕ್ಕೆ ಇಳಿಸಿದಾಗ ಉಳಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ ಎಂದು ಹೋಯಿತು. ಅದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಪಂಪಾಗಿ ಹೋಗುತ್ತದೆ. ಪೈಪಿನ ಪಕ್ಕದ ಹಳ್ಳಿಗಳವರು ಆ ಅಂಕಿಯ ಸದ್ದನ್ನು ದಿನವೂ ಕೇಳಿಸಿಕೊಳ್ಳಬಹುದು.

2023ರ ಸೆಪ್ಟೆಂಬರ್. ಮಳೆ ಕೈಕೊಟ್ಟಿತ್ತು, ಅಣೆಕಟ್ಟೆ ನೂರಡಿಯ ಕೆಳಗಿತ್ತು. ತಮಿಳುನಾಡಿಗೆ ದಿನಕ್ಕೆ 5,000 ಕ್ಯುಸೆಕ್‌ನಂತೆ ಹದಿನೈದು ದಿನ ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ದಿನಕ್ಕೆ ಅರ್ಧ ಟಿಎಂಸಿಯೂ ಇಲ್ಲವಲ್ಲ ಎಂದು ಸಮಾಧಾನ ಹೇಳುವವರು ಹೇಳಿದರು. ಟೀ ಅಂಗಡಿಯಲ್ಲಿ ಯಾರೋ ಪೇಪರಿನ ಅಂಚಿನಲ್ಲೇ ಬರೆದು ತೋರಿಸಿದರು. ಐದು ಸಾವಿರವನ್ನು ದಿನದ 86,400 ಸೆಕೆಂಡಿನಿಂದ ಗುಣಿಸಿದರೆ 0.432 ಟಿಎಂಸಿ. ಅದನ್ನು ಹದಿನೈದರಿಂದ ಗುಣಿಸಿದರೆ 6.48. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತು.

ವೇದಿಕೆ ಮೇಲಿನ ಗಣಿತವೇ ಬೇರೆ. ಅಧಿಕಾರದಲ್ಲಿರುವವರ ಬಾಯಲ್ಲಿ ಇಂಥ 6.48 ಯಾವಾಗಲೂ "ಆರು ಚಿಲ್ಲರೆ". ವಿರೋಧ ಪಕ್ಷದವರ ಬಾಯಲ್ಲಿ "ಹತ್ತಿರ ಹತ್ತಿರ ಏಳು". ಚುನಾವಣೆ ಮುಗಿದು ಸರ್ಕಾರ ಬದಲಾದರೆ ಕಾರು, ಬಂಗಲೆ, ಗನ್‌ಮ್ಯಾನ್‌ಗಳ ಜೊತೆಗೆ ಈ ರೌಂಡಾಫನ್ನೂ ಅದಲುಬದಲು ಮಾಡಿಕೊಳ್ಳುತ್ತಾರೆ.