ಸೆಕೆಂಡ್ ಗ್ರೇಡಿನಲ್ಲಿ ಅತ್ತೆ ಮಾವ

ಮೊಮ್ಮಗಳ ಎರಡನೇ ಕ್ಲಾಸಿನ ಪುಸ್ತಕಗಳಿಗೆ ಬೈಂಡು ಹಾಕಲೆಂದು ನಮ್ಮ ಮಾವನವರು ಪಾವಗಡದಿಂದ ಬ್ರೌನ್ ಪೇಪರಿನ ಸುರುಳಿಯನ್ನೂ ಹೆಸರು ಬರೆಯುವ ಲೇಬಲ್ಲುಗಳನ್ನೂ ಸೂಟ್‌ಕೇಸಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿಳಿದರು. ಬೈಂಡು ಹಾಕೋಣವೆಂದರೆ ಮನೆಯಲ್ಲಿ ಪುಸ್ತಕವೇ ಇಲ್ಲ. ಇಲ್ಲಿ ಪುಸ್ತಕಗಳೆಲ್ಲ ಕ್ಲಾಸಿನಲ್ಲೇ ಉಳಿಯುತ್ತವೆ. ಮಗಳು ದಿನಾ ತರುವುದು ಒಂದು ಫೋಲ್ಡರು, ಅದರಲ್ಲಿ ನಾಲ್ಕಾರು ಹಾಳೆ, ಜೊತೆಗೆ ಲೈಬ್ರರಿಯದೊಂದು ಕಥೆಪುಸ್ತಕ. ಪ್ರೈಮರಿ ಶಾಲೆಯ ಹೆಡ್‌ಮಾಸ್ಟರಾಗಿ ರಿಟೈರ್ ಆದವರಿಗೆ ಇದು ಹೇಗೆ ಸಹಿಸೀತು? "ಪುಸ್ತಕ ಇಲ್ಲ, ಕಾಪಿ ಬರೆಯೋದಿಲ್ಲ, ಮಗ್ಗಿ ಇಲ್ಲ. ಇದೇನಮ್ಮ, ಸ್ಕೂಲೋ ಬೇಸಿಗೆ ಶಿಬಿರವೋ?" ಎಂದರು.

ನಾನೂ ನನ್ನ ಗಂಡನೂ ಇಬ್ಬರೂ ಎಂಜಿನಿಯರುಗಳು. ಎರಡನೇ ಕ್ಲಾಸನ್ನು ನಾವು ನಿಭಾಯಿಸುತ್ತೇವೆ, ನೀವು ಆರಾಮಾಗಿ ಟಿವಿ ನೋಡಿಕೊಂಡಿರಿ ಎಂದು ಹಿರಿಯರಿಗೆ ಹೇಳಿದ್ದೆವು. ನಿಭಾಯಿಸಿದ್ದು ಯಾರು ಎಂಬುದೇ ಈ ಬರಹ.

ಮೊದಲ ಪೆಟ್ಟು ಕೊಟ್ಟಿದ್ದು ಗಣಿತ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕು. ನನ್ನ ಗಂಡ ಒಂದರ ಕೆಳಗೊಂದು ಬರೆದು, ದಶಕ ಕಿತ್ತು ಬಿಡಿಗೆ ಕೊಟ್ಟು, ಎರಡು ಸೆಕೆಂಡಿನಲ್ಲಿ ಇಪ್ಪತ್ತೈದು ಎಂದರು. ಮಗಳು ಪೆನ್ಸಿಲು ಕೆಳಗಿಟ್ಟಳು. "ಡ್ಯಾಡಿ, ಉತ್ತರ ಸರಿ. ಆದರೆ ಯಾಕೆ ಅಂತ ನೀನು ಹೇಳಲೇ ಇಲ್ಲ." ಯಾಕೆ ಎಂದರೆ ಏನು ಹೇಳುವುದು? ನಮಗೆ ಮೇಷ್ಟರು ಕಲಿಸಿದ್ದೇ ಹಾಗೆ. ಕ್ಯಾಲಿಫೋರ್ನಿಯಾ 2010ರಲ್ಲಿ ಒಪ್ಪಿಕೊಂಡ ಕಾಮನ್ ಕೋರ್ ಮಾನದಂಡದಲ್ಲಿ ನಮ್ಮ ಈ ಹಳೇ ಪದ್ಧತಿಯಲ್ಲಿ ಪಳಗಬೇಕಾದ್ದು ನಾಲ್ಕನೇ ಕ್ಲಾಸಿಗೆ. ಎರಡನೇ ಕ್ಲಾಸಿನಲ್ಲಿ ಒಂದು ಗೆರೆ ಎಳೆದು, ಅದರ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೋಗಬೇಕು. ಇಪ್ಪತ್ತೇಳರಿಂದ ಮೂವತ್ತಕ್ಕೆ ಮೂರು, ಮೂವತ್ತರಿಂದ ಐವತ್ತಕ್ಕೆ ಇಪ್ಪತ್ತು, ಅಲ್ಲಿಂದ ಮೇಲೆ ಎರಡು. ಎಲ್ಲ ಕೂಡಿದರೆ ಉತ್ತರ.

ನಾವಿಬ್ಬರೂ ಆ ಕಪ್ಪೆಯನ್ನು ಮಿಕಿಮಿಕಿ ನೋಡುತ್ತಿದ್ದಾಗ ಮಾವನವರು ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬಗ್ಗಿದರು. "ಅಯ್ಯೋ, ಇದು ನಮ್ಮ ಶೆಟ್ಟರ ಚಿಲ್ಲರೆ ಲೆಕ್ಕ ಕಣೋ!" ಇಪ್ಪತ್ತೇಳು ರೂಪಾಯಿ ಸಾಮಾನು ಕೊಂಡು, ಐವತ್ತರ ನೋಟಿನ ಮೇಲೆ ಎರಡು ರೂಪಾಯಿ ಇಟ್ಟರೆ, ಸಂತೆಬೀದಿಯ ಶೆಟ್ಟರು ಕಳೆಯುವ ಲೆಕ್ಕ ಮಾಡುತ್ತಲೇ ಇರಲಿಲ್ಲವಂತೆ. ಇಪ್ಪತ್ತೇಳಕ್ಕೆ ಮೂರು ಹಾಕಿ ಮೂವತ್ತು ಎನ್ನುತ್ತ ಮೂರು ನಾಣ್ಯ ಅಂಗೈಗೆ ಹಾಕುವುದು, ಹತ್ತರ ಎರಡು ನೋಟಿಟ್ಟು ಐವತ್ತು ಎನ್ನುವುದು, ನಾವು ಮೇಲೆ ಕೊಟ್ಟ ಎರಡನ್ನು ಹಾಗೇ ವಾಪಸು ತಳ್ಳುವುದು. ಕೊಟ್ಟವನಿಗೂ ತೆಗೆದುಕೊಂಡವನಿಗೂ ಲೆಕ್ಕ ಕಣ್ಣಿಗೇ ಕಾಣುತ್ತದೆ. ಪೇಪರೂ ಬೇಡ, ಪೆನ್ನೂ ಬೇಡ. ಆ ಸಂಜೆಯಿಂದ ಹೋಮ್‌ವರ್ಕಿನ ಖಾತೆ ಮಾವನವರಿಗೆ ಹೋಯಿತು. ಡೈನಿಂಗ್ ಟೇಬಲ್ಲಿನ ಒಂದು ತುದಿ ಶೆಟ್ಟರ ಅಂಗಡಿಯಾಯಿತು. ನನ್ನ ಗಂಡನಿಗೆ ಖಾತೆರಹಿತ ಸಚಿವ ಸ್ಥಾನ.

ಅಂಗಡಿ ಎಂದ ಮೇಲೆ ದುಡ್ಡೂ ಬೇಕಲ್ಲ. ಅದೂ ಎರಡನೇ ಕ್ಲಾಸಿನ ಪಾಠವೇ. ಒಂದು ಸೆಂಟಿನ ಪೆನ್ನಿ, ಐದರ ನಿಕಲ್, ಹತ್ತರ ಡೈಮ್, ಇಪ್ಪತ್ತೈದರ ಕ್ವಾರ್ಟರ್. ಇಷ್ಟು ವರ್ಷ ಇಲ್ಲಿದ್ದೂ ನಾನು ಕಾರ್ಡು ಉಜ್ಜಿಕೊಂಡೇ ಬದುಕಿದವಳು. ಡೈಮ್ ಮೇಲೆ ಹತ್ತು ಎಂಬ ಅಂಕಿಯೇ ಇಲ್ಲ, ಬರೀ "ಒನ್ ಡೈಮ್" ಎಂದಿದೆ ಎಂದು ಕಂಡುಹಿಡಿದವರು ಅತ್ತೆ. ಅವರ ಇನ್ನೊಂದು ತಕರಾರು: "ಐದರ ಬಿಲ್ಲೆ ಇಷ್ಟು ದಪ್ಪ, ಹತ್ತರದ್ದು ಮೂಗುಬೊಟ್ಟಿನಷ್ಟು. ಇದ್ಯಾವ ನ್ಯಾಯ?" ಡೈಮನ್ನು 1964ರವರೆಗೂ ಬೆಳ್ಳಿಯಲ್ಲಿ ಮಾಡುತ್ತಿದ್ದರು, ಬೆಳ್ಳಿಯ ಬೆಲೆಗೆ ತಕ್ಕ ಗಾತ್ರ, ನಿಕಲ್ ತಾಮ್ರ ಬೆರೆತ ಅಗ್ಗದ ಲೋಹ ಎಂದು ಓದಿ ಹೇಳಿದೆ. "ಬೆಳ್ಳಿಯೇ? ಹಾಗಾದ್ರೆ ಸರಿ" ಎಂದು ಅತ್ತೆ ಅಮೆರಿಕದ ಖಜಾನೆಯನ್ನು ಕ್ಷಮಿಸಿದರು. ಕ್ವಾರ್ಟರನ್ನಂತೂ ಮಾವನವರು ನೋಡಿದ ಕೂಡಲೇ ನಾಲ್ಕಾಣೆ ಎಂದು ಗುರುತು ಹಿಡಿದರು. ನಮ್ಮಲ್ಲಿ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದ ನಾಲ್ಕಾಣೆ ಇಲ್ಲಿ ಕೋಟು ಹಾಕಿಕೊಂಡು ಓಡಾಡುತ್ತಿದೆ ಎಂಬಷ್ಟು ಖುಷಿ ಅವರಿಗೆ. ಈಗ ಮೊಮ್ಮಗಳು ಕ್ಲಾಸಿನಲ್ಲಿ ಮೂರು ಕ್ವಾರ್ಟರಿಗೆ "ಹನ್ನೆರಡಾಣೆ" ಎನ್ನುತ್ತಾಳಂತೆ. ಟೀಚರಿಗೆ ಹದಿನಾರಾಣೆಯ ಲೆಕ್ಕ ವಿವರಿಸುವ ಹೊಣೆ ಮಾತ್ರ ನನ್ನ ಪಾಲಿಗೆ ಬಂತು.

ಅಳತೆಯ ಪಾಠವೂ ಹೀಗೇ. ಒಂದೇ ವಸ್ತುವನ್ನು ಎರಡು ಬೇರೆ ಅಳತೆಯಲ್ಲಿ ಅಳೆದು, ಸಂಖ್ಯೆ ಯಾಕೆ ಬೇರೆಯಾಯಿತು ಎಂದು ಹೇಳಬೇಕು. ಶಾಲೆಗೆ ಬೇಕಾದ್ದು ಇಂಚು, ಸೆಂಟಿಮೀಟರು. ಅತ್ತೆ ಹೊಸ್ತಿಲನ್ನು ತಮ್ಮ ಮೊಳದಲ್ಲೂ ಮೊಮ್ಮಗಳ ಮೊಳದಲ್ಲೂ ಅಳೆಸಿದರು. ಹೂವಾಡಗಿತ್ತಿಯ ಮೊಳ ಯಾವಾಗಲೂ ಯಾಕೆ ಗಿಡ್ಡ ಎಂಬ ಹೆಚ್ಚುವರಿ ಪಾಠವೂ ಸಿಕ್ಕಿತು. ಅದು ಯಾವ ಮಾನದಂಡದಲ್ಲೂ ಇಲ್ಲ, ಇರಬೇಕಿತ್ತು.

ಇಂಗ್ಲಿಷಿನಲ್ಲಿ ಅಭಿಪ್ರಾಯ ಬರೆಯುವುದನ್ನು ಕಲಿಸುತ್ತಾರೆ. ಅಭಿಪ್ರಾಯ ಹೇಳು, ಯಾಕೆಂದರೆ ಎಂದು ಕಾರಣ ಕೊಡು, ಕೊನೆಗೆ ತೀರ್ಮಾನ ಬರೆ. ನಮ್ಮ ಕಾಲದಲ್ಲಿ ಎರಡನೇ ಕ್ಲಾಸಿನವರಿಗೆ ಅಭಿಪ್ರಾಯ ಇರುವುದೇ ಅಧಿಕಪ್ರಸಂಗ ಎನಿಸುತ್ತಿತ್ತು. ಮಗಳು ಬರೆದದ್ದು ಇಷ್ಟು: "ನನ್ನ ಅಭಿಪ್ರಾಯದಲ್ಲಿ ಉಪ್ಪಿಟ್ಟು ತಿಂಡಿಯಲ್ಲ. ಯಾಕೆಂದರೆ ಅದು ಒಣಗಿರುತ್ತದೆ. ಯಾಕೆಂದರೆ ನೀರು ಜಾಸ್ತಿಯಾದರೆ ಅಂಟಾಗಿರುತ್ತದೆ. ಇನ್ನೊಂದು, ಅಮ್ಮನಿಗೆ ಮೀಟಿಂಗ್ ಇದ್ದ ದಿನ ಮಾತ್ರ ಅದನ್ನು ಮಾಡುತ್ತಾರೆ. ಆದ್ದರಿಂದ ಅದು ತಿಂಡಿಯಲ್ಲ, ತುರ್ತುಪರಿಸ್ಥಿತಿ." ಟೀಚರು ಪಕ್ಕದಲ್ಲಿ ನಗುಮುಖದ ಸ್ಟಿಕ್ಕರ್ ಅಂಟಿಸಿ, ಕಾರಣಗಳು ಬಲವಾಗಿವೆ, ಈ ಉಪ್ಪಿಟ್ಟು ಎಂದರೇನು ಎಂದು ಕೇಳಿದ್ದರು. ಅತ್ತೆ ಓದಿಸಿ ಕೇಳಿ, "ಹುಡುಗಿ ಲಾಯರ್ ಆಗ್ತಾಳೆ" ಎಂದು ದೃಷ್ಟಿ ತೆಗೆದರು. ತಿಂಡಿಗೆ ಅವತ್ತಿನಿಂದ ಅಕ್ಕಿರೊಟ್ಟಿ, ಮಾಡುವವರು ಅತ್ತೆ.

ಒಂದೇ ಕಥೆಯ ಎರಡು ರೂಪಗಳನ್ನು ಹೋಲಿಸುವುದೂ ಇದೇ ಕ್ಲಾಸಿನಲ್ಲಿ. ಶಾಲೆಯಲ್ಲಿ ಸಿಂಡ್ರೆಲಾ, ಮನೆಯಲ್ಲಿ ಕಾಗಕ್ಕ ಗುಬ್ಬಕ್ಕ. ಅತ್ತೆಯ ಕಥೆಯಲ್ಲಿ ಕಾಗಕ್ಕನಿಗೆ ಬರೆ ಬೀಳುತ್ತದೆ. ಮಾವನವರ ಕಥೆಯಲ್ಲಿ ಬರೀ ಬುದ್ಧಿವಾದ. ಯಾವುದು ಸರಿ ಎಂದು ರಾತ್ರಿ ಹತ್ತರವರೆಗೆ ಗಂಡಹೆಂಡಿರಿಬ್ಬರೂ ವಾದಕ್ಕೆ ಬಿದ್ದರು. ಮಗಳು ಅಷ್ಟರಲ್ಲಿ ಎರಡು ವೃತ್ತ ಬರೆದು, ವ್ಯತ್ಯಾಸಗಳನ್ನು ಆಚೀಚೆ ತುಂಬಿ, ನಿದ್ದೆಯೂ ಮಾಡಿದ್ದಳು.

ವಿಜ್ಞಾನದಲ್ಲಿ ಬಿಸಿ ಮಾಡಿದ ವಸ್ತು ತಣ್ಣಗಾದ ಮೇಲೆ ಮೊದಲಿನಂತೆ ಆಗುತ್ತದೋ ಇಲ್ಲವೋ ಎಂಬುದು ಒಂದು ದೊಡ್ಡ ಪಾಠ. ಬೆಣ್ಣೆ ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ. ನಮ್ಮದು ಮೊಟ್ಟೆ ತರದ ಮನೆ, ಆದ್ದರಿಂದ ಪ್ರಯೋಗ ತುಪ್ಪದ ಬಾಣಲೆಯಲ್ಲಿ ನಡೆಯಿತು. ಮೊದಮೊದಲು ಬೆಣ್ಣೆ ಕರಗಿ ಬಿಳಿ ನೊರೆ ಎದ್ದಿತು. ಸ್ಟವ್ ಆರಿಸಿದರೆ ಇದು ಮತ್ತೆ ಬೆಣ್ಣೆ ಆಗುತ್ತಾ ಅಜ್ಜಿ ಎಂದಳು ಮಗಳು. ಈಗಿನ್ನೂ ಆಸೆ ಇದೆ, ಸ್ವಲ್ಪ ತಡಿ ಎಂದರು ಅತ್ತೆ. ಚಟಪಟ ಸದ್ದು ನಿಧಾನವಾಗಿ ಅಡಗಿತು. ನೀರಿನಂಶ ಹೋಯಿತು ಎನ್ನುವುದಕ್ಕೆ ಅದೇ ಗುರುತು. ನೊರೆ ತೆಳುವಾಗಿ ತಳದಲ್ಲಿ ಗಸಿ ಕೆಂಪಗಾಯಿತು. ಅತ್ತೆ ಒಂದು ವೀಳ್ಯದೆಲೆ ಹರಿದು ಹಾಕಿದರು. ಅದು ಚರ್ರೆಂದು ಮುರುಟಿ ಗರಿಗರಿಯಾಗಿ ಮೇಲೆ ತೇಲಿತು. "ನೋಡು ಪುಟ್ಟಿ, ಈ ಎಲೆ ಇನ್ನು ಹಸಿರಾಗಲ್ಲ. ಗಸಿ ಇನ್ನು ಬೆಳ್ಳಗಾಗಲ್ಲ. ತುಪ್ಪ ಬೆಳಿಗ್ಗೆ ಹರಳುಗಟ್ಟುತ್ತೆ, ಆದ್ರೆ ಬೆಣ್ಣೆ ಆಗಲ್ಲ." ಮಗಳು ಹಾಳೆಯಲ್ಲಿ ಮೂರು ಸಾಲು ಬರೆದು, ಚಿತ್ರ ಬಿಡಿಸಿ, ಗಸಿಗೆ ಸಕ್ಕರೆ ಹಾಕಿಸಿಕೊಂಡು ಸಾಕ್ಷ್ಯವನ್ನು ತಿಂದುಬಿಟ್ಟಳು.

ಕ್ಯಾಲಿಫೋರ್ನಿಯಾದ ಎರಡನೇ ಕ್ಲಾಸಿನ ಸಮಾಜ ಪಾಠದಲ್ಲಿ ಮನೆತನದ ಇತಿಹಾಸವೂ ಬರುತ್ತದೆ. ಅಜ್ಜಿ ತಾತನ ಸಂದರ್ಶನ ಮಾಡಬೇಕು, ಹಳೆಯ ಫೋಟೋ, ಹಳೆಯ ವಸ್ತು ತೋರಿಸಬೇಕು. ಹಳೆಯ ವಸ್ತು ಎಂದ ಕೂಡಲೇ ಅತ್ತೆ ತಾವು ಮದುವೆಯಲ್ಲಿ ತಂದ ಈಳಿಗೆಮಣೆಯ ಮಾತೆತ್ತಿದರು. ನಾನು ನನಗಾಗಿಯೇ ತರಿಸಿಕೊಂಡಿದ್ದು ಅದು. ಹಲ್ಲಿರುವ ಉಕ್ಕಿನ ಅಲಗನ್ನು ಅಮೆರಿಕದ ಶಾಲೆಯೊಳಗೆ ಒಯ್ದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರಬೇಕಾದವಳು ನಾನೇ ಎಂದು ಕೈಮುಗಿದೆ. ಕೊನೆಗೆ ಹೋದದ್ದು ಅಳಗುಳಿಮಣೆ. ಹುಣಸೆಬೀಜ ತರಲು ಕಸ್ಟಮ್ಸಿಗೆ ಹೆದರಿದ್ದರಿಂದ ಗುಳಿಗಳಿಗೆ ಪೆನ್ನಿಗಳನ್ನೇ ತುಂಬಿದೆವು. ಒಂದೊಂದು ಸಾಲಿಗೆ ಏಳು ಗುಳಿಯಂತೆ ಎರಡು ಸಾಲು, ಗುಳಿಗೆ ಐದರಂತೆ 70 ಪೆನ್ನಿ. ಅದನ್ನು ನೋಡಿ ಟೀಚರು ಸಮಾಜ ಪಾಠ ಅಲ್ಲಿಗೇ ನಿಲ್ಲಿಸಿ ಗಣಿತ ಶುರು ಮಾಡಿದರಂತೆ.

ಇದೇ ಪಾಠಕ್ರಮದಲ್ಲಿ ಮಕ್ಕಳಿಗೆ ಪರಿಚಯಿಸುವ ದೊಡ್ಡವರ ಪಟ್ಟಿಯಲ್ಲಿ ಐನ್‌ಸ್ಟೀನ್, ಮೇರಿ ಕ್ಯೂರಿ, ಗಗನಯಾತ್ರಿ ಸ್ಯಾಲಿ ರೈಡ್ ಇದ್ದಾರೆ. ಮಾವನವರು ಮನಸೋತದ್ದು ಜಾರ್ಜ್ ವಾಷಿಂಗ್ಟನ್ ಕಾರ್ವರ್‌ಗೆ. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದ ಟಸ್ಕೆಗೀಯಲ್ಲಿ ಕೃಷಿ ಕಲಿಸಿದ ಮನುಷ್ಯ. ಹತ್ತಿ ಬೆಳೆದು ಬೆಳೆದು ಬರಡಾದ ನೆಲದಲ್ಲಿ ಕಡಲೆಕಾಯಿ ಹಾಕಿ, ಅದರ ಬೇರು ನೆಲಕ್ಕೆ ಸಾರಜನಕ ಸೇರಿಸುತ್ತದೆ ಎಂದು ಬಡ ರೈತರಿಗೆ ಹೇಳಿಕೊಟ್ಟವರು. ಕಡಲೆಕಾಯಿ ಹೊಲದ ಬದುವಿನಲ್ಲೇ ಬೆಳೆದ ಪಾವಗಡದವರಿಗೆ ಇದಕ್ಕಿಂತ ಹತ್ತಿರದ ನೆಂಟ ಬೇಕೆ? ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಪುಟ್ಟ ಗಂಟುಗಳ ಚಿತ್ರ ಬಿಡಿಸಿದರು, ಹೂವು ಬಾಡಿದ ಮೇಲೆ ಮೊಳೆಯಂತೆ ನೆಲಕ್ಕೆ ಇಳಿಯುವ ಕಾಯಿಯ ಕಥೆ ಹೇಳಿದರು. ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಹಿಡಿ ಹುರಿದ ಕಡಲೆಕಾಯಿ ಕಳಿಸೋಣ ಎಂದು ಚೀಲ ಹುಡುಕಿದರು.

ಆಗ ಹೇಳಬೇಕಾಯಿತು: ಶಾಲೆಯಲ್ಲಿ ಕಾರ್ವರ್ ಇದ್ದಾರೆ, ಕಡಲೆಕಾಯಿಗೆ ಪ್ರವೇಶವಿಲ್ಲ. ಅಲರ್ಜಿ ಇರುವ ಮಗುವಿಗೆ ಅದರ ಒಂದು ಚೂರೂ ಪ್ರಾಣಕ್ಕೆ ಸಂಚಕಾರ ತರಬಹುದು. ನಿಯಮ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಗೆಂದು ಕಲಸುವ ಚಿತ್ರಾನ್ನದ ಒಗ್ಗರಣೆಗೆ ಕಡಲೆಬೀಜ ಹಾಕಬೇಡಿ ಎಂದು ಪಾವಗಡದ ಹೆಂಗಸಿಗೆ ಹೇಳುವಾಗ ಯಾವ ಸೊಸೆಗೂ ಗಂಟಲು ಒಣಗುತ್ತದೆ. ಅತ್ತೆ ಒಂದು ನಿಮಿಷ ಸುಮ್ಮನಿದ್ದು, "ಇನ್ನೊಂದು ಮಗುವಿನ ಜೀವಕ್ಕಿಂತ ಒಗ್ಗರಣೆ ದೊಡ್ಡದಾ?" ಎಂದು ಕಡಲೆಬೇಳೆಯ ಡಬ್ಬ ತೆಗೆದರು. ನಾನು ವಾರಗಟ್ಟಲೆ ಮುಂದಕ್ಕೆ ಹಾಕಿದ್ದ ಮಾತು ಅಷ್ಟರಲ್ಲೇ ಮುಗಿಯಿತು.

ಅಂಕಪಟ್ಟಿ ಬಂತು. ಶೇಕಡಾ ಇಲ್ಲ, ರ‍್ಯಾಂಕಿಲ್ಲ, ಒಂದರಿಂದ ನಾಲ್ಕರವರೆಗೆ ಒಂದು ಅಂಕಿ. ಮೂರೆಂದರೆ ಈ ಕ್ಲಾಸಿಗೆ ಬರಬೇಕಾದ್ದು ಬಂದಿದೆ ಎಂದರ್ಥ. ನಮ್ಮವಳಿಗೆ ಎಲ್ಲದರಲ್ಲೂ ಮೂರು. ನನ್ನ ಗಂಡ ಕಾರಿನಲ್ಲಿ ಕೂತ ಮೇಲೆ, ನಾಲ್ಕಕ್ಕೆ ಮೂರು ಎಂದರೆ ಎಪ್ಪತ್ತೈದು, ಎಸ್ಸೆಸ್ಸೆಲ್ಸಿಯಾಗಿದ್ದರೆ ಡಿಸ್ಟಿಂಕ್ಷನ್ನೂ ಇಲ್ಲ ಎಂದು ಗೊಣಗಿದರು. ಹಿಂದಿನ ಸೀಟಿನಿಂದ ಮಾವನವರು, "ಲೋ, ಎರಡನೇ ಕ್ಲಾಸಿನಲ್ಲಿ ನಿನಗೆ ಎಷ್ಟು ಬಂದಿತ್ತು ಹೇಳಲಾ?" ಎಂದರು. ಕಾರು ಮನೆ ಸೇರುವವರೆಗೂ ಅಂಕದ ಸುದ್ದಿ ಬರಲಿಲ್ಲ.

ಮಾವನವರ ಮುನಿಸು ಪೂರ್ತಿ ಇಳಿದದ್ದು ಪೋಷಕರಿಗೆಂದು ಕ್ಲಾಸು ತೆರೆದಿಟ್ಟ ಸಂಜೆ. ಬೆಂಚಿನ ಸಾಲುಗಳಿಲ್ಲ, ಗುಂಪು ಗುಂಪಾಗಿ ಮೇಜು, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ನೇತುಹಾಕಿದ್ದಾರೆ. "ಇದು ನಮ್ಮ ನಲಿ-ಕಲಿ ಚಪ್ಪರ ಅಲ್ಲವೇನಮ್ಮ!" ಎಂದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಏಣಿಯ ಮೆಟ್ಟಿಲಿನಂತೆ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಅದರ ತರಬೇತಿಗೆ ಹೋಗಿ ಬಂದ ಮಾವನವರು ತಮ್ಮ ಶಾಲೆಯಲ್ಲಿ ಅದನ್ನು ನಡೆಸಿದವರು. ಅದೇ ವರ್ಷಗಳಲ್ಲಿ ಸ್ವಂತ ಮಗನನ್ನು ಮಾತ್ರ ಬಾಯಿಪಾಠದ ಕಾನ್ವೆಂಟಿಗೆ ಸೇರಿಸಿದ್ದರು. ಯಾಕೆ ಎಂದು ಸೊಸೆಯಾದವಳು ಕೇಳುವ ಹಾಗಿಲ್ಲ. ಮೊಮ್ಮಗಳು ಕೇಳಿದಳು. ಅಭಿಪ್ರಾಯ ಹೇಳುವುದನ್ನು, ಕಾರಣ ಕೇಳುವುದನ್ನು ಶಾಲೆಯಲ್ಲೇ ಕಲಿಸಿದ್ದಾರಲ್ಲ. ತಾತ ಟೀಚರ ಜೊತೆ ಹವಾಮಾನದ ಮಾತು ತೆಗೆದರು.

ಎರಡನೇ ಕ್ಲಾಸಿನ ಮಕ್ಕಳಿರುವ ಹೊರನಾಡ ಕನ್ನಡಿಗರಲ್ಲಿ ಒಂದು ವಿನಂತಿ. ಅಪ್ಪ ಅಮ್ಮನನ್ನು ಬೇಸಿಗೆ ರಜದಲ್ಲಿ ಕರೆಸಿ ನಯಾಗರ ತೋರಿಸಿ ಕಳಿಸಬೇಡಿ. ಆಗಸ್ಟಿಗೆ ಟಿಕೆಟ್ ಮಾಡಿಸಿ, ಶಾಲೆ ಶುರುವಾಗುವುದು ಆಗ. ಮಗ್ಗಿ ಬಾಯಿಪಾಠ ಬರಬೇಕಾದ್ದು ಮೂರನೇ ಕ್ಲಾಸಿನ ಕೊನೆಗೆ. ಅಲ್ಲಿಯವರೆಗೆ ನಮ್ಮಂಥ ಎಂಜಿನಿಯರುಗಳು ಪಾತ್ರೆ ತೊಳೆದುಕೊಂಡಿದ್ದರೆ ಸಾಕು.