ಬಿಟ್ಟಿ ಜಾಗದ ಯಜಮಾನರು

ಮೆಲ್ಬರ್ನಿನಲ್ಲಿ ಮೇ ತಿಂಗಳ ಚಳಿ ಮೊಣಕಾಲಿಗೆ ಇಳಿಯುವ ಹೊತ್ತಿಗೆ ಒಂದು ಜಾತಿಯ ಗಂಡಸರು ಮನೆಯಂಗಳದಲ್ಲಿ ನಿಂತು ಟೈರಿಗೆ ಒದೆಯಲು ಶುರುಮಾಡುತ್ತಾರೆ. ವಯಸ್ಸು ಅರವತ್ತೈದು ದಾಟಿದೆ. ಚಳಿಯಲ್ಲೂ ಚಡ್ಡಿ, ತಲೆಗೆ ಅಗಲ ಅಂಚಿನ ಟೋಪಿ, ಕಾಲಿಗೆ ಹವಾಯಿ ಚಪ್ಪಲಿ. ಕಾರಿನ ಹಿಂದೆ ಕೊಂಡಿ ಹಾಕಿದ ಕ್ಯಾರವಾನು. ಅದರೊಳಗೆ ಮಂಚ, ಒಲೆ, ಫ್ರಿಜ್ಜು, ವಾಷಿಂಗ್ ಮಷಿನ್ನು, ಷವರು, ಕಕ್ಕಸು. ಪಕ್ಕದಲ್ಲಿ ಸಾಮಾನಿನ ಪಟ್ಟಿ ಹಿಡಿದ ಯಜಮಾನಿ. ಆಸ್ಟ್ರೇಲಿಯಾದಲ್ಲಿ ಇಂಥ ಜೋಡಿಗಳಿಗೆ ಗ್ರೇ ನೊಮ್ಯಾಡ್ಸ್ ಎನ್ನುತ್ತಾರೆ, ನರೆತ ಅಲೆಮಾರಿಗಳು. ಇನ್ನು ಅಕ್ಟೋಬರಿನ ತನಕ ಇವರ ವಿಳಾಸ ಕೇಳಿದರೆ ಉತ್ತರ ದಿಕ್ಕು ಎಂದಷ್ಟೇ ಹೇಳಬಹುದು. ಮಕ್ಕಳಿಗೂ ಅದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ.

ನಮ್ಮ ಕಡೆ ಲಾರಿಯ ಮೇಲೆ ‘ತಂದೆ ತಾಯಿಯ ಆಶೀರ್ವಾದ’ ಎಂದು ಬರೆಸುತ್ತಾರೆ. ಇಲ್ಲಿ ತಂದೆ ತಾಯಿಯೇ ಗಾಡಿ ಓಡಿಸುವವರಾದ್ದರಿಂದ ಹಿಂದಿನ ಕಿಟಕಿಯಲ್ಲಿ ‘ಮಕ್ಕಳಿಗೆ ಬರಬೇಕಾದ ಆಸ್ತಿಯನ್ನು ಕರಗಿಸುತ್ತಿದ್ದೇವೆ’ ಎಂಬರ್ಥದ ಸ್ಟಿಕ್ಕರು ಇರುತ್ತದೆ. ಸುಳ್ಳಲ್ಲ. ಕಾರು, ಕ್ಯಾರವಾನು ಎರಡೂ ಹೊಸದಾದರೆ ಎರಡು ಲಕ್ಷ ಡಾಲರು ಆರಾಮಾಗಿ ಕರಗಿರುತ್ತದೆ.

ಹೊರಡುವ ಮುಂಚೆ ತೂಕದ ಶಾಸ್ತ್ರವೊಂದಿದೆ. ಲ್ಯಾಂಡ್ ಕ್ರೂಸರ್ ಎಳೆಯಬಹುದಾದ ಭಾರ 3,500 ಕಿಲೋ. ಟ್ಯಾಂಕಿಗೆ ನೀರು ತುಂಬಿ, ಗ್ಯಾಸ್ ಸಿಲಿಂಡರ್ ಏರಿಸಿ, ಯಜಮಾನರು ವೇಬ್ರಿಡ್ಜಿಗೆ ಹೋಗಿ ಬಂದು ಮುಖ ಗಂಟಿಕ್ಕಿಕೊಂಡು ವರದಿ ಒಪ್ಪಿಸುತ್ತಾರೆ: “ಎಂಬತ್ತು ಕಿಲೋ ಜಾಸ್ತಿ.” ಕೂಡಲೇ ಯಜಮಾನಿಯ ಹೊಲಿಗೆ ಮಷಿನ್ನು, ಎರಡನೇ ಬಾಣಲೆ, ಓದದೆ ಉಳಿದ ಕಾದಂಬರಿಗಳು ಕೆಳಗಿಳಿಯುತ್ತವೆ. ಎರಡು ಜ್ಯಾಕು, ಮೂರು ಸುತ್ತಿಗೆ, ಡ್ರಿಲ್ಲು, ಮರ ಕೊಯ್ಯುವ ಚೈನ್ ಗರಗಸ ಇವ್ಯಾವುವೂ ಇಳಿಯುವುದಿಲ್ಲ; ಅವು ಸುರಕ್ಷತೆಯ ಬಾಬ್ತು. ಬಿಯರಿನ ಪೆಟ್ಟಿಗೆಗಳತ್ತ ಯಜಮಾನಿ ಬೆರಳು ತೋರಿಸಿದರೆ, “ಅದು ದಿನಾ ಕಡಿಮೆಯಾಗುವ ಭಾರ” ಎಂಬ ಉತ್ತರ ಸಿದ್ಧವಿದೆ.

ಇಷ್ಟೆಲ್ಲ ಸುರಿದು ಹೊರಟ ಈ ಮನುಷ್ಯನಿಗೆ ಬದುಕಿನಲ್ಲಿ ಉಳಿದಿರುವ ಹಠ ಒಂದೇ. ರಾತ್ರಿ ಮಲಗುವ ಜಾಗಕ್ಕೆ ಕಾಸು ಕೊಡಬಾರದು.

ಊರೊಳಗಿನ ಕ್ಯಾರವಾನ್ ಪಾರ್ಕಿನಲ್ಲಿ ಕರೆಂಟು, ನೀರು, ಬಿಸಿನೀರ ಸ್ನಾನ ಎಲ್ಲ ಸೇರಿ ರಾತ್ರಿಗೆ ಐವತ್ತು ಡಾಲರಿನ ಆಸುಪಾಸು. ಆ ಬೋರ್ಡು ಕಂಡರೆ ಯಜಮಾನರ ರಕ್ತದೊತ್ತಡ ಏರುತ್ತದೆ. “ಐವತ್ತು! ನನ್ನ ಮಂಚದಲ್ಲಿ ನಾನು ಮಲಗುವುದಕ್ಕೆ!” ಎನ್ನುತ್ತ ಫೋನಿನಲ್ಲಿ ವಿಕಿಕ್ಯಾಂಪ್ಸ್ ತೆರೆಯುತ್ತಾರೆ. ದೇಶದ ಬಿಟ್ಟಿ ಜಾಗಗಳ ಜಾತಕವೆಲ್ಲ ಅದರಲ್ಲಿದೆ. ಹೆದ್ದಾರಿಯಿಂದ ನಲವತ್ತು ಕಿಲೋಮೀಟರ್ ಒಳಗೆ, ಬತ್ತಿದ ಹೊಳೆಯ ದಂಡೆ. ನೆಲ ಗಟ್ಟಿ. ಕಕ್ಕಸಿಲ್ಲ. ನೊಣ ಧಾರಾಳ. ಸಿಗ್ನಲ್ ಒಂದು ಕಡ್ಡಿ, ಅದೂ ಕಾರಿನ ಮೇಲೆ ಹತ್ತಿ ನಿಂತರೆ. ಯಾರೋ ಪುಣ್ಯಾತ್ಮ ನಾಲ್ಕು ನಕ್ಷತ್ರ ಕೊಟ್ಟಿದ್ದಾನೆ. ನಡಿ ಅಲ್ಲಿಗೆ.

ಹೋಗಿ ಬರುವುದು ಎಂಬತ್ತು ಕಿಲೋಮೀಟರ್. ಮೂರು ಟನ್ ಎಳೆಯುವ ಕಾರು ನೂರು ಕಿಲೋಮೀಟರಿಗೆ ಇಪ್ಪತ್ತು ಲೀಟರಿನ ಹತ್ತಿರ ಕುಡಿಯುತ್ತದೆ. ಅಂದರೆ ಹದಿನಾರು ಲೀಟರ್ ಡೀಸೆಲ್, ದೂರದ ರೋಡ್‌ಹೌಸುಗಳಲ್ಲಿ ಲೀಟರಿಗೆ ಎರಡು ಡಾಲರು ಮೀರಿದ ಬೆಲೆ. ಐವತ್ತು ಉಳಿಸಲು ಮೂವತ್ತೈದು ಸುಟ್ಟರು. ಆದರೆ ಯಜಮಾನರ ನೋಟ್‌ಬುಕ್ಕಿನಲ್ಲಿ ‘ಉಳಿತಾಯ’ ಎಂಬ ಕಾಲಮ್ಮಿದೆ, ಅಲ್ಲಿ ಐವತ್ತು ಎಂದೇ ಬರೆಯುತ್ತಾರೆ. ಡೀಸೆಲ್ಲೋ? ಅದು ಹೇಗೂ ಹಾಕಿಸಲೇಬೇಕಿತ್ತಲ್ಲ.

ಸಣ್ಣ ಊರುಗಳಲ್ಲಿ ಇದೇ ವಿಷಯಕ್ಕೆ ಜಟಾಪಟಿ ನಡೆಯುತ್ತಿರುತ್ತದೆ. ಊರಾಚೆಯ ಮೈದಾನದಲ್ಲಿ ಪುರಸಭೆ ಬಿಟ್ಟಿಯಾಗಿಯೋ ನಾಲ್ಕು ಕಾಸಿಗೋ ತಂಗಲು ಬಿಟ್ಟರೆ, ತೆರಿಗೆ ಕಟ್ಟಿ ಪಾರ್ಕು ನಡೆಸುವವರು ಸಿಡಿಯುತ್ತಾರೆ. ಅಲೆಮಾರಿಗಳ ಪರವಾದ ವಾದ ಹೀಗೆ: ಜಾಗಕ್ಕೆ ಕೊಡದ ದುಡ್ಡನ್ನು ಊರಿನ ಅಂಗಡಿಗಳಲ್ಲಿ ಖರ್ಚು ಮಾಡುತ್ತೇವೆ. ನಮ್ಮ ಯಜಮಾನರು ಈ ತತ್ವವನ್ನು ಅಕ್ಷರಶಃ ಪಾಲಿಸುತ್ತಾರೆ. ಬೇಕರಿಯಲ್ಲಿ ಎರಡು ಮಾಂಸದ ಪೈ ಕೊಳ್ಳುತ್ತಾರೆ, ಊರಿನ ನಲ್ಲಿಯಿಂದ ಇನ್ನೂರು ಲೀಟರ್ ನೀರು ತುಂಬಿಕೊಳ್ಳುತ್ತಾರೆ, ವಾರದ ಕಕ್ಕಸಿನ ಡಬ್ಬಿಯನ್ನು ಊರಿನ ಡಂಪ್ ಪಾಯಿಂಟಿಗೆ ಸುರಿದು ಕೈ ತೊಳೆದುಕೊಳ್ಳುತ್ತಾರೆ. ಎಲ್ಲರೂ ಹೀಗೇ ಎಂದರೆ ಅನ್ಯಾಯ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಲಾಂಗ್‌ರೀಚ್, ವಿಂಟನ್ ಥರದ ಊರುಗಳಿಗೆ ಚಳಿಗಾಲದ ಕ್ಯಾರವಾನುಗಳೇ ಸುಗ್ಗಿ. ಆದರೆ ಸುಗ್ಗಿಯ ಲೆಕ್ಕದಲ್ಲಿ ಈ ಎರಡು ಪೈಗಳೂ ಸೇರಿವೆ ಎಂಬುದನ್ನು ಮರೆಯಬಾರದು.

ಇವರ ಸಂಸಾರದ ನಿಜಸ್ವರೂಪ ನೋಡಬೇಕಾದರೆ ಕ್ಯಾರವಾನನ್ನು ರಿವರ್ಸ್ ಹಾಕುವಾಗ ನೋಡಬೇಕು. ಅಡಿಲೇಡಿನಿಂದ ಡಾರ್ವಿನ್ನಿಗೆ ಬಾಡಿಗೆ ವ್ಯಾನಿನಲ್ಲಿ ಹೊರಟಿದ್ದ ನಮಗೆ ಆ ಭಾಗ್ಯ ಕೂಬರ್ ಪೀಡಿ ದಾಟಿದ ಮೇಲೆ, ಸ್ಟುವರ್ಟ್ ಹೆದ್ದಾರಿಯ ಒಂದು ತಂಗುದಾಣದಲ್ಲಿ ಒದಗಿತು. ಕೆಂಪು ಮಣ್ಣು, ಕುರುಚಲು ಗಿಡ, ದಿಗಂತದವರೆಗೆ ಏನೂ ಅಡ್ಡವಿಲ್ಲ. ಇಡೀ ತಂಗುದಾಣಕ್ಕೆ ಇದ್ದದ್ದು ಒಂದು ಮರ. ಒಂದು ಕ್ಯಾರವಾನು ಬಂದು ನಿಂತದ್ದೇ ತಡ, ಮೊದಲೇ ಬಂದಿದ್ದವರೆಲ್ಲ ತಮ್ಮ ಮಡಚುಕುರ್ಚಿಗಳನ್ನು ಅತ್ತ ತಿರುಗಿಸಿ ಕೂತರು. ಟಿವಿ ಸಿಗದ ಜಾಗದಲ್ಲಿ ಇದೇ ಧಾರಾವಾಹಿ.

ಕ್ಯಾರವಾನು ಹಿಂದಕ್ಕೆ ಹೋಗುತ್ತ ಎಡಕ್ಕೆ ತಿರುಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಇದು ಗಂಡನಿಗೆ ಗೊತ್ತು, ಹೆಂಡತಿಗೂ ಗೊತ್ತು. ತೊಂದರೆ ಶುರುವಾಗುವುದೇ ಇಬ್ಬರಿಗೂ ಗೊತ್ತಿರುವುದರಿಂದ.

“ಎಡಕ್ಕೆ!” ಹಿಂದೆ ನಿಂತ ಯಜಮಾನಿ ಕೂಗಿದರು.

“ಯಾರ ಎಡಕ್ಕೆ?”

“ನಿನ್ನ ಎಡಕ್ಕೆ!”

“ಸ್ಟೇರಿಂಗಿನ ಎಡವೋ ಕ್ಯಾರವಾನಿನ ಎಡವೋ, ಡಾರ್ಲ್?”

“ಮರ ಇಲ್ಲದ ಎಡಕ್ಕೆ!”

ಗಾಳಿ ಬೀಸುತ್ತಿತ್ತು. ಅರ್ಧ ಮಾತು ಹಾರಿಹೋಯಿತು. ಯಜಮಾನರಿಗೆ ತಲುಪಿದ್ದು ಮರ ಮಾತ್ರ.

ಕೂಗಾಟ ಬೇಡವೆಂದು ಕೆಲವು ಜೋಡಿಗಳು ಯುಎಚ್‌ಎಫ್ ರೇಡಿಯೊ ಹಿಡಿದು ಈ ಕೆಲಸ ಮಾಡುತ್ತಾರೆ. ಆಗ ಅದೇ ಚಾನೆಲ್ಲಿಗೆ ಕಿವಿಗೊಟ್ಟ ಹೆದ್ದಾರಿಯವರಿಗೆಲ್ಲ ಸಂಸಾರದ ನೇರಪ್ರಸಾರ.

ಗಾಡಿ ನಿಂತಿತು ಎಂದರೆ ಮುಗಿಯಲಿಲ್ಲ. ಯಜಮಾನರು ರಸಮಟ್ಟ ಹಿಡಿದು ಒಳಗೆ ಹೋಗುತ್ತಾರೆ. ಗ್ಯಾಸಿನ ಫ್ರಿಜ್ಜು ಓರೆಯಾಗಿ ನಿಂತರೆ ಒಳಗಿನ ಅಮೋನಿಯಾ ಸರಿಯಾಗಿ ಹರಿಯದೆ ತಂಪು ಹಿಡಿಯುವುದಿಲ್ಲ. ಹಾಗಾಗಿ ಒಂದು ಚಕ್ರದ ಕೆಳಗೆ ಹಲಗೆ, ಮತ್ತೆ ರಸಮಟ್ಟ, ಇನ್ನೊಂದು ಹಲಗೆ, ಮತ್ತೆ ರಸಮಟ್ಟ. ಗುಳ್ಳೆ ನಡುವಿಗೆ ಬಂದಾಗ ಯಜಮಾನಿಯನ್ನು ಕರೆದು ತೋರಿಸುತ್ತಾರೆ. ಆಕೆ ನೋಡದೆಯೇ “ಚೆನ್ನಾಗಿದೆ” ಎನ್ನುತ್ತಾರೆ.

ನಾಲ್ಕು ಗಂಟೆಗೆ ಹ್ಯಾಪಿ ಅವರ್. ಕತ್ತಲಾದ ಮೇಲೆ ಕಾಂಗರೂ, ಬೇಲಿಯಿಲ್ಲದ ದನ ರಸ್ತೆಗೆ ಬರುವುದರಿಂದ ಬುದ್ಧಿಯಿದ್ದವರು ಅಷ್ಟು ಹೊತ್ತಿಗೆ ಎಲ್ಲಾದರೂ ತಂಗಿರುತ್ತಾರೆ. ಕುರ್ಚಿಗಳು ವೃತ್ತವಾಗುತ್ತವೆ. ಒಬ್ಬೊಬ್ಬರ ಕೈಯಲ್ಲೂ ಸ್ಪಂಜಿನ ಕವಚ ತೊಟ್ಟ ಬಿಯರ್ ಡಬ್ಬಿ. ನಮ್ಮನ್ನೂ ಕರೆದರು. ಹೊಸಬರು ಬಂದರೆ ನಮ್ಮ ಹಿರಿಯರು ಗೋತ್ರ, ನಕ್ಷತ್ರ ವಿಚಾರಿಸುತ್ತಿದ್ದ ಗತ್ತಿನಲ್ಲೇ ಯಜಮಾನರು ನಮ್ಮ ವ್ಯಾನಿನ ಬ್ಯಾಟರಿಯ ಬಗ್ಗೆ ನನ್ನನ್ನು ಕೇಳಿದರು: “ಎಷ್ಟು ಆಂಪ್ ಅವರ್, ಮೇಟ್? ಲಿಥಿಯಮ್ಮೋ?”

ಗೊತ್ತಿಲ್ಲ ಎಂದೆ. ಅವರಿಗೆ ನಂಬಲಾಗಲಿಲ್ಲ. ತಾವೇ ಎದ್ದು ಹೋಗಿ ನಮ್ಮ ವ್ಯಾನಿನ ಸೀಟು ಎತ್ತಿ ಬಗ್ಗಿ ನೋಡಿ ಬಂದು ಸಭೆಗೆ ತಿಳಿಸಿದರು: “ನೂರು. ಅದೂ ಹಳೇ ಎಜಿಎಂ.” ಯಾರೋ ನಾಲಗೆ ಲೊಚಗುಟ್ಟಿದರು. ನನ್ನ ಹೆಂಡತಿ ಪುಳಿಯೋಗರೆಯ ಡಬ್ಬಿ ತೆರೆದಳು. ಯಜಮಾನಿ ಎರಡು ಸಲ ಹಾಕಿಸಿಕೊಂಡು ಗೊಜ್ಜು ಮಾಡುವ ವಿಧಾನ ಬರೆದುಕೊಂಡರು. ಯಜಮಾನರು, ಅಷ್ಟು ಹೊತ್ತು ಕುದಿಸಲು ಎಷ್ಟು ಗ್ಯಾಸು ಬೇಕು ಎಂದು ಕೇಳಿದರು.

ಇವರು ಪೂರ್ತಿ ಅರಳುವುದು ಬೇರೊಬ್ಬರ ಗಾಡಿ ಕೆಟ್ಟಾಗ. ಎದುರಿನಿಂದ ಬರುವವರಿಗೆಲ್ಲ ಸ್ಟೇರಿಂಗಿನಿಂದ ಒಂದೇ ಬೆರಳೆತ್ತಿ ವಂದಿಸುತ್ತ ಸಾಗುವವರು, ಬಾನೆಟ್ ಎತ್ತಿದ ಕಾರು ಕಂಡರೆ ಎಂಥ ಬಿಸಿಲಿನಲ್ಲೂ ನಿಲ್ಲಿಸದೆ ಹೋಗುವುದಿಲ್ಲ. ಐವತ್ತಮೂರೂವರೆ ಮೀಟರ್ ಉದ್ದದ ರೋಡ್ ಟ್ರೇನ್ ಎಂಬ ಲಾರಿಗಳು ಧೂಳೆಬ್ಬಿಸಿ ಪಕ್ಕದಲ್ಲೇ ಗುಡುಗುತ್ತಿರಲಿ, ಇವರು ಟಾರ್ಪಾಲು ಹಾಸಿ ಕಾರಿನಡಿ ನುಗ್ಗಿಬಿಡುತ್ತಾರೆ. ಹೊಲಿಗೆ ಮಷಿನ್ನನ್ನು ಕೆಳಗಿಳಿಸಿ ಉಳಿಸಿಕೊಂಡ ಮೂರು ಸುತ್ತಿಗೆಗಳಿಗೆ ಕೊನೆಗೂ ಕೆಲಸ ಸಿಕ್ಕಿತಲ್ಲ. ಯಜಮಾನಿಯೂ ಅದನ್ನು ನೋಡಬೇಕು, ಅದಕ್ಕೇ ನಾಲ್ಕು ಸಲ ಕರೆಯುತ್ತಾರೆ: “ಡಾರ್ಲ್, ಆ ದೊಡ್ಡ ಸುತ್ತಿಗೆ ಕೊಡು!”

ಒಂದೊಂದು ವರ್ಷ ಉತ್ತರ ಬಿಟ್ಟು ಪಶ್ಚಿಮಕ್ಕೆ, ನಲ್ಲರ್‌ಬಾರ್ ಬಯಲಿನ ದಾರಿಗೆ ಬೀಳುತ್ತಾರೆ. ಅಲ್ಲಿ ಹೆದ್ದಾರಿ 146.6 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲದೆ ಸಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಕೀಟ, ರೋಗದ ಭಯಕ್ಕೆ ಹಣ್ಣು, ತರಕಾರಿ, ಜೇನುತುಪ್ಪ ಕಿತ್ತಿಟ್ಟುಕೊಳ್ಳುತ್ತಾರೆ. ಕೊಟ್ಟುಬಿಟ್ಟರೆ ನಷ್ಟವಲ್ಲವೇ? ಗಡಿಯ ಈಚೆ ತಂಗಿದ ಯಜಮಾನರು ಬಾಳೆಹಣ್ಣು ಎಣಿಸಿ ಇಬ್ಬರಿಗೂ ಸಮನಾಗಿ ಹಂಚುತ್ತಾರೆ, ಜೇನು ಚಮಚದಲ್ಲಿ ಮುಗಿಸುತ್ತಾರೆ. ಯಜಮಾನಿ ಉಳಿದ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ಟುಗಳನ್ನೆಲ್ಲ ಒಂದೇ ಪಾತ್ರೆಗೆ ಹೆಚ್ಚಿಹಾಕುತ್ತಾರೆ. ಬೆಳಿಗ್ಗೆ ಅಧಿಕಾರಿ ಫ್ರಿಜ್ಜು ತೆರೆದಾಗ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತ ಯಜಮಾನರ ಮುಖದಲ್ಲಿ ಸರ್ಕಾರವನ್ನು ಗೆದ್ದ ಕಳೆಯಿರುತ್ತದೆ. ದಾಟಿದ ಕೂಡಲೇ ಯೂಕ್ಲಾ. ಅಲ್ಲಿನವರ ಗಡಿಯಾರ ದಕ್ಷಿಣ ಆಸ್ಟ್ರೇಲಿಯಾಕ್ಕಿಂತ ಮುಕ್ಕಾಲು ಗಂಟೆ ಹಿಂದೆ, ಪರ್ತ್‌ಗಿಂತ ಮುಕ್ಕಾಲು ಗಂಟೆ ಮುಂದೆ. ನಾಲ್ಕಕ್ಕೆ ಬಿಯರ್ ತೆರೆದವರು ಗಡಿಯಾರ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನಾಲ್ಕಾಗುವುದನ್ನು ಕಾಯಬಹುದು. ಇದೂ ಬಿಟ್ಟಿ.

ಅಕ್ಟೋಬರಿನಲ್ಲಿ ಉತ್ತರದ ಸೆಖೆ ತಾಳಲಾರದಷ್ಟಾದಾಗ ಗಾಡಿಗಳು ದಕ್ಷಿಣಕ್ಕೆ ತಿರುಗುತ್ತವೆ. ಮನೆ ತಲುಪಿದ ಯಜಮಾನರಿಗೆ ಮಲಗುವ ಕೋಣೆ ವಿಪರೀತ ದೊಡ್ಡದೆನಿಸುತ್ತದೆ. ಕಕ್ಕಸಿಗೆ ಅಷ್ಟು ದೂರ ನಡೆಯುವುದು ಯಾರು? ಅಂಗಳದಲ್ಲಿ ನಿಂತ ಕ್ಯಾರವಾನಿನಲ್ಲೇ ಮಲಗುತ್ತಾರೆ. ಯಜಮಾನಿ ಮನೆಯೊಳಗೆ, ತಮ್ಮ ಅಗಲವಾದ ಮಂಚದಲ್ಲಿ, ಹೊಲಿಗೆ ಮಷಿನ್ನಿನ ಪಕ್ಕದ ಕೋಣೆಯಲ್ಲಿ. ಬೆಳಿಗ್ಗೆ ಚಹಾ ತಂದ ಆಕೆ ಹೇಗಿತ್ತು ನಿದ್ದೆ ಎಂದು ಕೇಳಿದರೆ ಫೋನು ನೋಡುತ್ತಿದ್ದ ಯಜಮಾನರು ಯೋಚಿಸಿ ಹೇಳುತ್ತಾರೆ: “ನೀರಿದೆ, ಕರೆಂಟಿದೆ, ಸಿಗ್ನಲ್ಲು ನಾಲ್ಕು ಕಡ್ಡಿ. ಆದರೆ ಪಕ್ಕದ ಮನೆ ನಾಯಿ ಬೊಗಳುತ್ತೆ. ಮೂರೂವರೆ ನಕ್ಷತ್ರ.”

“ಬಾಡಿಗೆ ಐವತ್ತು ಡಾಲರು,” ಎಂದು ಯಜಮಾನಿ ಕೈ ಚಾಚುತ್ತಾರೆ.